ದೊಡ್ಡಾಸ್ಪತ್ರೆ ಬರುವ ತನಕ ಕೈಕಟ್ಟಿ ಕೂರದಿರಿ

ಭಟ್ಕಳ, ಹೊನ್ನಾವರ, ಕುಮಟಾದ ಯುವಕ ಯುವತಿಯರೇ,

2022ರ ಜುಲೈ 20 ನಿಮಗೆ ನೆನಪಿರಬೇಕು. ಹೊನ್ನಾವರದಿಂದ ರೋಗಿಯನ್ನು ಹೊತ್ತು ಉಡುಪಿ ಜಿಲ್ಲೆಯ ಕಡೆ ಓಡುತ್ತಿದ್ದ ಆಂಬುಲೆನ್ಸ್ ಬೈಂದೂರು ತಾಲ್ಲೂಕಿನ ಶಿರೂರು ಟೋಲ್‌ಗೇಟಿನಲ್ಲಿ ಮಳೆಗೆ ತೊಯ್ದ ರಸ್ತೆಯ ಮೇಲೆ ಜಾರಿ ಮಗುಚಿತು. ನಾಲ್ಕು ಜೀವ ಹೋಯಿತು. ಸಿಸಿಟಿವಿಯಲ್ಲಿ ಸೆರೆಯಾದ ಆ ದೃಶ್ಯ ಕೈಯಿಂದ ಕೈಗೆ, ಮೊಬೈಲಿಂದ ಮೊಬೈಲಿಗೆ ಹರಿಯಿತು. ಉತ್ತರ ಕನ್ನಡಕ್ಕೆ ತುರ್ತು ಚಿಕಿತ್ಸೆಯ ಸುಸಜ್ಜಿತ ಆಸ್ಪತ್ರೆ ಬೇಕು ಎಂದು 2019ರಲ್ಲೇ ಸಾಮಾಜಿಕ ಜಾಲತಾಣದಲ್ಲಿ ಎದ್ದಿದ್ದ ಕೂಗು ಮತ್ತೆ ಭುಗಿಲೆದ್ದಿತು. ಆ ಕೂಗಿನ ಮುಂಚೂಣಿಯಲ್ಲಿ ನಿಂತವರು ನಿಮ್ಮ ವಯಸ್ಸಿನವರು.

ಬೇಡಿಕೆ ನ್ಯಾಯವಾದದ್ದು. ಭಟ್ಕಳದಿಂದ ಮಣಿಪಾಲಕ್ಕೆ ಸುಮಾರು 90 ಕಿಲೋಮೀಟರ್. ಹೊನ್ನಾವರದಿಂದ 130ರ ಹತ್ತಿರ, ಕುಮಟಾದಿಂದ 150ರ ಹತ್ತಿರ. ಕಾರವಾರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಆದರೂ ತಲೆಗೆ ದೊಡ್ಡ ಪೆಟ್ಟು ಬಿದ್ದರೆ, ಹೃದಯ ಕೈಕೊಟ್ಟರೆ ನಮ್ಮ ಜನ ಮುಖ ಮಾಡುವುದು ಮಣಿಪಾಲ, ಮಂಗಳೂರಿನ ಕಡೆಗೇ. ಕರಾವಳಿಯುದ್ದಕ್ಕೂ ಆಧಾರ ರಾಷ್ಟ್ರೀಯ ಹೆದ್ದಾರಿ 66. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದಾಗ ಅದೂ ದಿನಗಟ್ಟಲೆ ಮುಚ್ಚಿತು. ನಮ್ಮ ತೆಂಕಕ್ಕೊಂದು ಶಿರೂರು, ಬಡಗಕ್ಕೊಂದು ಶಿರೂರು. ರಸ್ತೆಯೊಂದನ್ನೇ ನಂಬಿ ಜೀವ ಉಳಿಸಿಕೊಳ್ಳಲಾಗದು ಎಂದು ಎರಡೂ ಹೇಳಿವೆ.

ಆದ್ದರಿಂದ ಆಸ್ಪತ್ರೆ ಕೇಳುವುದನ್ನು ಬಿಡಬೇಡಿ. ಈಗ ನಿಮ್ಮನ್ನು ಕರೆಯುತ್ತಿರುವುದು ಅದರ ಜೊತೆಜೊತೆಗೇ ಆಗಬೇಕಾದ ಇನ್ನೊಂದು ಕೆಲಸಕ್ಕೆ. ಶರಾವತಿಗೆ ಸೇತುವೆ ಬರುವ ತನಕ ನಮ್ಮ ಹಿರಿಯರು ಆಚೆ ದಡಕ್ಕೆ ಹೋಗದೆ ಕೂರಲಿಲ್ಲ, ದೋಣಿ ನಡೆಸಿದರು. ಆರೋಗ್ಯದ ವಿಷಯದಲ್ಲೂ ನಮ್ಮ ಬಳಿ ದೋಣಿಗಳಿವೆ. ಮದ್ದು ಇದೆ, ವಿಧಾನ ಗೊತ್ತಿದೆ, ಎಷ್ಟೋ ಸಲ ಅದು ಪುಕ್ಕಟೆಯಾಗಿಯೂ ಸಿಗುತ್ತದೆ. ಇಷ್ಟಿದ್ದೂ ಅದು ಹಾಸಿಗೆಯ ಮೇಲೆ ಬೆವರುತ್ತಿರುವ ಮನುಷ್ಯನ ತನಕ ತಲುಪುವುದಿಲ್ಲ. ಯಾಕೆ ತಲುಪುವುದಿಲ್ಲ ಎಂದು ಬೆನ್ನು ಹತ್ತಿ, ತಲುಪಿಸುವವರು ನೀವಾಗಬೇಕು.

ಮೂರು ತಡ

ಹೆರಿಗೆಯ ಹೊತ್ತಿನಲ್ಲಿ ತಾಯಂದಿರು ಸಾಯುವುದೇಕೆ ಎಂದು ಹುಡುಕಿದ ಸೆರೀನ್ ಥಡಿಯಸ್ ಮತ್ತು ಡೆಬೊರಾ ಮೇನ್ 1994ರಲ್ಲಿ ಒಂದು ಸರಳ ಲೆಕ್ಕ ಮುಂದಿಟ್ಟರು. ಜೀವ ತೆಗೆಯುವುದು ಮೂರು ತಡ. ಆಸ್ಪತ್ರೆಗೆ ಹೋಗಬೇಕೋ ಬೇಡವೋ ಎಂದು ಮನೆಯಲ್ಲಿ ತೀರ್ಮಾನಿಸುವಾಗ ಆಗುವ ತಡ ಮೊದಲನೆಯದು. ದಾರಿಯಲ್ಲಿ ಆಗುವುದು ಎರಡನೆಯದು. ಆಸ್ಪತ್ರೆಯ ಬಾಗಿಲು ದಾಟಿದ ಮೇಲೂ ಸರಿಯಾದ ಚಿಕಿತ್ಸೆ ಶುರುವಾಗಲು ಆಗುವುದು ಮೂರನೆಯದು. ಬಾಣಂತಿಯರಿಗಾಗಿ ಹಾಕಿದ ಈ ಲೆಕ್ಕ ಹೃದಯಾಘಾತಕ್ಕೂ ಹಾವಿನ ಕಡಿತಕ್ಕೂ ಹಾಗೆಯೇ ಕೂಡುತ್ತದೆ.

ಇದನ್ನು ನಮ್ಮ ಮೂರು ತಾಲ್ಲೂಕಿಗೆ ಹಿಡಿದು ನೋಡಿ. ದೊಡ್ಡಾಸ್ಪತ್ರೆ ಬಂದರೆ ಎರಡನೆಯ ತಡ ಕಡಿಮೆಯಾದೀತು. ಮೂರನೆಯದು ಕಡಿಮೆಯಾಗಲು ಬರಿಯ ಕಟ್ಟಡ ಸಾಲದು; ವೈದ್ಯರು, ದಾದಿಯರು, ಔಷಧ, ಕೇಳುವ ಜನ ಎಲ್ಲವೂ ಬೇಕು. ಮೊದಲನೆಯ ತಡವನ್ನಂತೂ ಯಾವ ಸರ್ಕಾರವೂ ಟೆಂಡರ್ ಕರೆದು ತೆಗೆಯಲಾರದು. ಅದು ಇರುವುದು ನಮ್ಮ ಮನೆಯ ಜಗಲಿಯಲ್ಲಿ.

ನಮ್ಮ ಕಡೆ ಆ ತಡಕ್ಕೆ ಒಂದು ವಿಶೇಷ ಕಾರಣವೂ ಇದೆ. ಭಟ್ಕಳದ ಎಷ್ಟೋ ಮನೆಗಳ ಗಂಡಸರು ದುಬೈ, ಸೌದಿಯಲ್ಲಿ. ಹೊನ್ನಾವರ, ಕುಮಟಾದ ಅಡಿಕೆ ತೋಟದ ಮನೆಗಳಲ್ಲಿ ಉಳಿದವರು ವಯಸ್ಸಾದ ಅಪ್ಪ ಅಮ್ಮ, ಮಕ್ಕಳು ಬೆಂಗಳೂರಿನಲ್ಲಿ. ಮನೆಯಲ್ಲಿ ಯಾರಿಗೋ ಎದೆನೋವು ಬಂದರೆ ಮೊದಲು ಫೋನು ಹೋಗುವುದು ದೂರದಲ್ಲಿರುವವರಿಗೆ. ಅವರು ಡ್ಯೂಟಿಯಲ್ಲಿರುತ್ತಾರೆ, ಎತ್ತುವುದಿಲ್ಲ. ಎತ್ತಿದರೆ ಇನ್ನೊಬ್ಬರನ್ನು ಕೇಳುತ್ತಾರೆ. ಹೀಗೆ ಕೇಳುತ್ತ ಕೇಳುತ್ತ ಗಂಟೆ ಕಳೆಯುತ್ತದೆ. ಧರ್ಮ ಬೇರೆ, ಭಾಷೆ ಬೇರೆ, ಊಟ ಬೇರೆ. ತಡ ಮಾತ್ರ ಎರಡೂ ಕಡೆ ಒಂದೇ.

ಎದೆನೋವಿಗೆ ಸೋಡಾ

ಎದೆ ಹಿಂಡಿದಂತಾಗಿ ಬೆವರಿಳಿದರೆ ನಮ್ಮಲ್ಲಿ ಮೊದಲು ಬರುವ ಮಾತು ‘ಗ್ಯಾಸ್ ಆಗಿರಬೇಕು’. ಒಂದು ಸೋಡಾ, ಓಮದ ನೀರು, ಸ್ವಲ್ಪ ಹೊತ್ತು ಅಡ್ಡಾದರೆ ಸರಿಹೋಗುತ್ತದೆ ಎಂಬ ಸಮಾಧಾನ. ಹೃದಯದ ರಕ್ತನಾಳದಲ್ಲಿ ಹೆಪ್ಪು ಕೂತಿದ್ದರೆ ಆ ಸ್ವಲ್ಪ ಹೊತ್ತಿನಲ್ಲೇ ಸ್ನಾಯು ಸಾಯತೊಡಗಿರುತ್ತದೆ.

ಇಲ್ಲಿ ವಿಜ್ಞಾನ ಹೇಳುವ ಒಂದು ಮಾತು ನಮ್ಮ ಊರಿಗೇ ಹೇಳಿ ಮಾಡಿಸಿದಂತಿದೆ. ರಕ್ತನಾಳವನ್ನು ಬಲೂನಿನಿಂದ ತೆರೆಯುವ ಆಂಜಿಯೋಪ್ಲಾಸ್ಟಿ ಒಳ್ಳೆಯ ಚಿಕಿತ್ಸೆ, ನಿಜ. ಆದರೆ ಸುಮಾರು ಎರಡು ಗಂಟೆಯೊಳಗೆ ಅದು ಸಿಗುವಂತಿಲ್ಲದಿದ್ದರೆ ಕಾಯಬಾರದು. ಹತ್ತಿರದ ಆಸ್ಪತ್ರೆಯಲ್ಲಿ ಇಸಿಜಿ ತೆಗೆದು, ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಟ್ಟು, ಆಮೇಲೆ ಮುಂದಕ್ಕೆ ಕಳಿಸಬೇಕು. ಕುಮಟಾದಿಂದ ಹೊರಟ ರೋಗಿ ಮಣಿಪಾಲ ಮುಟ್ಟಿ, ಅಲ್ಲಿ ಮೇಜಿನ ಮೇಲೆ ಮಲಗುವಷ್ಟರಲ್ಲಿ ಎರಡು ಗಂಟೆ ಎಲ್ಲಿ ಉಳಿದಿರುತ್ತದೆ? ಚುಚ್ಚುಮದ್ದು ಯಾರಿಗೆ ಸೂಕ್ತ, ಯಾರಿಗೆ ಅಪಾಯ ಎಂದು ವೈದ್ಯರೇ ನಿರ್ಧರಿಸಬೇಕು. ಆದರೆ ಅವರೆದುರಿಗೆ ರೋಗಿಯನ್ನು ಮೊದಲ ಗಂಟೆಯೊಳಗೆ ತಂದು ನಿಲ್ಲಿಸುವ ಕೆಲಸ ನಮ್ಮದು.

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿನಲ್ಲಿ ತೀರಿಕೊಂಡಾಗ ನಾಡೇ ಅತ್ತಿತು. ಅವರ ಹೆಸರಿನಲ್ಲಿ ರಾಜ್ಯ ಸರ್ಕಾರ ‘ಹೃದಯ ಜ್ಯೋತಿ’ ಯೋಜನೆ ತಂದಿತು. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ಹೃದ್ರೋಗ ತಜ್ಞರು ಕೂಡಲೇ ನೋಡಿ ಹೇಳುವುದು, ಅಗತ್ಯವಿದ್ದರೆ ಟೆನೆಕ್ಟೆಪ್ಲೇಸ್ ಎಂಬ ದುಬಾರಿ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಡುವುದು ಅದರ ತಿರುಳು. ಪುನೀತ್ ಅವರ ಫೋಟೊವನ್ನು ಬೈಕಿಗೆ ಅಂಟಿಸಿಕೊಂಡವರು ನಮ್ಮಲ್ಲಿ ಬಹಳ ಜನ ಇದ್ದೀರಿ. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಆ ಚುಚ್ಚುಮದ್ದು ಈ ಹೊತ್ತು ಇದೆಯೇ, ರಾತ್ರಿ ಪಾಳಿಯಲ್ಲೂ ಕೊಡುತ್ತಾರೆಯೇ ಎಂದು ಎಷ್ಟು ಜನ ಕೇಳಿ ತಿಳಿದಿದ್ದೀರಿ? ಅಭಿಮಾನ ನಿಜವಾದರೆ ನಾಳೆ ಹೋಗಿ ಕೇಳಿ. ಇದ್ದರೆ ಊರಿಗೆಲ್ಲ ಹೇಳಿ. ಇಲ್ಲದಿದ್ದರೆ ಯಾಕಿಲ್ಲ ಎಂದು ಬರೆದು ಕೊಟ್ಟು ಉತ್ತರ ಪಡೆಯಿರಿ.

ಹಾವು, ಹಗ್ಗ ಮತ್ತು ಗಾಂವಟಿ ಮದ್ದು

2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಡಿದು ಸತ್ತವರು ಸುಮಾರು 12 ಲಕ್ಷ ಎಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜಿಸಿತು. ವರ್ಷಕ್ಕೆ ಸರಾಸರಿ 58 ಸಾವಿರ. ಕರ್ನಾಟಕ 2024ರಲ್ಲಿ ಹಾವಿನ ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. 2030ರೊಳಗೆ ಈ ಸಾವುಗಳನ್ನು ಅರ್ಧಕ್ಕಿಳಿಸುವ ರಾಷ್ಟ್ರೀಯ ಯೋಜನೆಯೂ ಅದೇ ವರ್ಷ ಬಂತು. ಕಾಗದದ ಮೇಲೆ ಎಲ್ಲ ಸರಿಯಿದೆ. ಗೇರುಸೊಪ್ಪೆಯ ಕಡೆಯ ತೋಟದಲ್ಲಿ ಸಂಜೆ ಹುಲ್ಲು ಕೊಯ್ಯುವ ಹೆಂಗಸಿಗೆ ಹಾವು ಕಡಿದಾಗ ಏನಾಗುತ್ತದೆ ಎಂಬುದೇ ಪ್ರಶ್ನೆ.

ಕಾಲಿಗೆ ಹಗ್ಗ ಬಿಗಿಯುತ್ತಾರೆ. ಬ್ಲೇಡಿನಲ್ಲಿ ಗೀರಿ ರಕ್ತ ಹರಿಸುತ್ತಾರೆ. ಗಾಂವಟಿ ಮದ್ದು ಕೊಡುವವರ ಮನೆಗೆ ಓಡುತ್ತಾರೆ. ಜನ ದಡ್ಡರೆಂದು ಬೈಯುವ ಮೊದಲು ಆ ನಂಬಿಕೆ ಎಲ್ಲಿಂದ ಬಂತೆಂದು ಯೋಚಿಸಿ. ಕಡಿಯುವ ಹಾವುಗಳಲ್ಲಿ ಅನೇಕವು ವಿಷದ ಹಾವುಗಳೇ ಅಲ್ಲ. ವಿಷದ ಹಾವು ಕಡಿದಾಗಲೂ ಕೆಲವು ಸಲ ವಿಷ ಒಳಗೆ ಇಳಿದಿರುವುದಿಲ್ಲ. ಅಂಥವರೆಲ್ಲ ಯಾವ ಮದ್ದು ಕುಡಿದರೂ ಬದುಕುತ್ತಾರೆ, ಹೆಸರು ಮದ್ದಿಗೆ ಬರುತ್ತದೆ. ಸತ್ತವರ ಪಾಲಿಗೆ ‘ಆಯುಷ್ಯ ಅಷ್ಟೇ ಇತ್ತು’ ಎಂಬ ಮಾತು ಉಳಿಯುತ್ತದೆ. ನಂಬಿಕೆ ಬೆಳೆಯುವುದು ಹೀಗೆ. ಅದನ್ನು ಕಳಚಬೇಕಾದರೆ ಜಗಳ ಉಪಯೋಗಕ್ಕೆ ಬಾರದು. ಮದ್ದು ಕೊಡುವ ಅಜ್ಜನ ಮನೆಗೇ ಹೋಗಿ, ‘ಅಜ್ಜ, ನಿಮ್ಮ ಮಾತನ್ನು ಊರು ಕೇಳ್ತದೆ. ಹಾವು ಕಡಿದವರು ಬಂದರೆ ಮೊದಲು ಆಸ್ಪತ್ರೆಗೆ ಕಳಿಸಿ’ ಎಂದು ಕೇಳಿಕೊಳ್ಳಿ. ಅಜ್ಜ ಆಡುವ ಆ ಒಂದು ಮಾತಿಗೆ ನಮ್ಮ ನೂರು ಫಲಕಗಳಿಗಿಂತ ತೂಕ ಹೆಚ್ಚು.

ಮಾಡಬೇಕಾದದ್ದು ಇಷ್ಟೇ. ಕಡಿಸಿಕೊಂಡವರನ್ನು ನಡೆಸಬೇಡಿ, ಓಡಿಸಬೇಡಿ. ಉಂಗುರ, ಬಳೆ, ಕಾಲುಂಗುರ ತೆಗೆಯಿರಿ. ಮೂಳೆ ಮುರಿದಾಗ ಕಟ್ಟುವಂತೆ ಕೋಲಿಟ್ಟು ಆ ಅಂಗ ಅಲುಗಾಡದಂತೆ ಮಾಡಿ. ಹಗ್ಗ ಬಿಗಿಯಬೇಡಿ, ಕೊಯ್ಯಬೇಡಿ, ಬಾಯಿಂದ ಹೀರಬೇಡಿ. ಹಾವನ್ನು ಹಿಡಿಯಲು ಹೋಗಿ ಇನ್ನೊಬ್ಬರು ಕಡಿಸಿಕೊಳ್ಳಬೇಡಿ. ನೇರ ಆಸ್ಪತ್ರೆಗೆ ಹೋಗಿ. ಅಲ್ಲಿ ಒಣಗಿದ ಸ್ವಚ್ಛ ಗಾಜಿನ ನಳಿಕೆಯೊಂದಿದ್ದರೆ, ರಕ್ತ ಇಪ್ಪತ್ತು ನಿಮಿಷದಲ್ಲಿ ಹೆಪ್ಪುಗಟ್ಟುತ್ತದೆಯೇ ಇಲ್ಲವೇ ಎಂದು ನೋಡಿ ಮಂಡಲದ ಹಾವಿನ ವಿಷ ಏರಿದೆಯೇ ಎಂದು ತಿಳಿಯಬಹುದು. ಕೋಟಿ ರೂಪಾಯಿಯ ಯಂತ್ರ ಬೇಡದ ಪರೀಕ್ಷೆ ಅದು.

ಜನರ ಅನುಮಾನಕ್ಕೂ ಕಿವಿಗೊಡಿ

ಒಳ್ಳೆಯದನ್ನು ಜನ ಮಾಡದಿದ್ದರೆ ತಪ್ಪು ಯಾವಾಗಲೂ ಜನರದೇ ಎಂದು ತಿಳಿಯುವ ಅಹಂಕಾರ ಓದಿದವರಿಗೆ ಬೇಗ ಹತ್ತುತ್ತದೆ. ಅದಕ್ಕೆ ಮಂಗನ ಕಾಯಿಲೆಯ ಕತೆಯೇ ಒಳ್ಳೆಯ ಔಷಧ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಾದ ಈ ರೋಗ ಘಟ್ಟ ಇಳಿದು ಹೊನ್ನಾವರ, ಭಟ್ಕಳ, ಕುಮಟಾದ ಕಾಡಂಚಿಗೂ ಬಂದಿದೆ. ಹರಡುವುದು ಉಣುಗಿನಿಂದ. ಇದಕ್ಕೊಂದು ಲಸಿಕೆ ಇತ್ತು. ಎರಡು ಡೋಸ್, ಆಮೇಲೆ ಮತ್ತೆ ಮತ್ತೆ ಬೂಸ್ಟರ್. ಚುಚ್ಚಿಸಿಕೊಂಡರೆ ತೋಳು ನೋಯುತ್ತಿತ್ತು, ಕೂಲಿ ತಪ್ಪುತ್ತಿತ್ತು. ಎಷ್ಟೋ ಜನ ಎರಡನೆಯ ಸಲ ಬರಲಿಲ್ಲ. ‘ಜನಕ್ಕೆ ತಿಳುವಳಿಕೆ ಇಲ್ಲ’ ಎಂದು ಕಚೇರಿಗಳು ಗೊಣಗಿದವು. ಆದರೆ 2005ರಿಂದ 2010ರ ಅವಧಿಯ ಲೆಕ್ಕ ತೆಗೆದು ನೋಡಿದಾಗ, ಎರಡು ಡೋಸ್ ಪಡೆದವರಿಗೆ ಸಿಕ್ಕ ರಕ್ಷಣೆ ಸುಮಾರು ಶೇ. 62, ಬೂಸ್ಟರ್ ಸೇರಿದರೆ ಶೇ. 83. ಒಂದೇ ಡೋಸ್‌ನಿಂದ ಪ್ರಯೋಜನ ಕಾಣಲಿಲ್ಲ. ಕೊನೆಗೆ 2022ರಲ್ಲಿ ಆ ಲಸಿಕೆಯನ್ನೇ ನಿಲ್ಲಿಸಬೇಕಾಯಿತು. ಅದರ ಶಕ್ತಿಯೇ ಸಾಲದಾಗಿತ್ತು. ಜನರ ಹಿಂಜರಿಕೆಗೆ ಒಂದಿಷ್ಟು ಕಾರಣ ಇತ್ತು ಎಂದಾಯಿತು.

ಹಾಗೆಂದು ಕೈಚೆಲ್ಲುವಂತಿಲ್ಲ. ಹೊಸ ಲಸಿಕೆ ಕೈಗೆ ಬರುವ ತನಕ ಉಳಿದಿರುವುದು ಚಿಕ್ಕ ಚಿಕ್ಕ ಎಚ್ಚರಗಳೇ. ಕಾಡಿಗೆ ಹೋಗುವಾಗ ಕೈಕಾಲಿಗೆ ಡೆಪಾ ಎಣ್ಣೆ, ಮೈತುಂಬ ಬಟ್ಟೆ. ಬಂದ ಮೇಲೆ ಬಿಸಿನೀರಿನ ಸ್ನಾನ, ಬಟ್ಟೆಗೂ ಬಿಸಿನೀರು. ಮಂಗ ಸತ್ತದ್ದು ಕಂಡರೆ ಮುಟ್ಟದೆ ಕೂಡಲೇ ಆರೋಗ್ಯ ಇಲಾಖೆಗೆ ತಿಳಿಸುವುದು. ಚಳಿಗಾಲದಿಂದ ಮಳೆ ಬರುವ ತನಕ ಜ್ವರ, ವಿಪರೀತ ತಲೆನೋವು ಬಂದರೆ ತಡಮಾಡದೆ ರಕ್ತಪರೀಕ್ಷೆ. ಇದರಲ್ಲಿ ಗೊತ್ತಿಲ್ಲದ್ದು ಯಾವುದೂ ಇಲ್ಲ. ಆದರೆ ಬೆಳಿಗ್ಗೆ ಆರಕ್ಕೆ ದರಕು ಗುಡಿಸಲು ಗುಡ್ಡ ಹತ್ತುವ ಹೆಂಗಸಿಗೆ ಎಣ್ಣೆ ಶೀಶೆ ಸಿಗುವುದು ಹತ್ತು ಗಂಟೆಗೆ ತೆರೆಯುವ ಆರೋಗ್ಯ ಕೇಂದ್ರದಲ್ಲಾದರೆ ಅವಳು ಅದನ್ನು ಹಚ್ಚುವುದು ಯಾವಾಗ? ಶೀಶೆ ಅವಳ ಹೆಡಿಗೆಯಲ್ಲೇ ಇರಬೇಕು. ಅಲ್ಲಿಗೆ ಮುಟ್ಟಿಸುವುದು ಭಾಷಣ ಮಾಡಿದಷ್ಟು ಸುಲಭವಲ್ಲ, ಆದರೆ ಕೇರಿಯ ಇಬ್ಬರು ಹುಡುಗರಿಂದ ಆಗುವ ಕೆಲಸ.

ರಕ್ತದೊತ್ತಡದ ಕತೆಯೂ ಹೀಗೇ. ದಿನಕ್ಕೆ ಐದು ಗ್ರಾಮಿಗಿಂತ ಕಡಿಮೆ ಉಪ್ಪು ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಸಾಣಿಕಟ್ಟೆಯ ಉಪ್ಪಿನಾಗರದ ನೆರೆಯಲ್ಲಿ, ಒಣಮೀನು, ಮಿಡಿ ಉಪ್ಪಿನಕಾಯಿಯ ನಾಡಿನಲ್ಲಿ ಉಪ್ಪು ಬಿಡಿ ಎಂದು ಉಪದೇಶಿಸಿದರೆ ಯಾರು ಕೇಳಿಯಾರು? ಅದಕ್ಕಿಂತ ಮೊದಲು ಅಮ್ಮ ಮಾತ್ರೆ ಯಾಕೆ ಬಿಟ್ಟಳು ಎಂದು ಕೇಳಿ. ‘ಬಿಪಿ ಸರಿಯಾಯ್ತಲ್ಲ, ಇನ್ನೇಕೆ?’ ಎನ್ನುತ್ತಾಳೆ. ಸರಿಯಾದದ್ದು ಮಾತ್ರೆಯಿಂದಲೇ ಎಂದು ಅವಳ ಭಾಷೆಯಲ್ಲಿ ಯಾರೂ ಹೇಳಿರುವುದಿಲ್ಲ. ಚೀಟಿ ಇಂಗ್ಲಿಷಿನಲ್ಲಿದೆ, ಫಲಕ ಪುಸ್ತಕದ ಕನ್ನಡದಲ್ಲಿದೆ, ಮನೆಯ ಮಾತು ನವಾಯತಿ, ಕೊಂಕಣಿ, ಹಾಲಕ್ಕಿ ಕನ್ನಡ, ಹವಿಗನ್ನಡ. ಈ ಎಲ್ಲ ಮಾತುಗಳ ನಡುವೆ ಸಲೀಸಾಗಿ ಓಡಾಡುವ ನಾಲಿಗೆ ಇರುವುದು ನಿಮಗೆ.

ಆಸ್ಪತ್ರೆಯೊಳಗಿನ ತಡ

ಮೂರನೆಯ ತಡದ ಬಗ್ಗೆ ಮಾತಾಡುವಾಗ ಸಿಟ್ಟು ಬರುವುದು ಸಹಜ. ಯಂತ್ರ ಇರುತ್ತದೆ, ನಡೆಸುವವರಿಲ್ಲ. ಹುದ್ದೆ ಇರುತ್ತದೆ, ವೈದ್ಯರಿಲ್ಲ. ಎಲ್ಲ ಇದ್ದೂ ‘ಮುಂದಕ್ಕೆ ಕರ್ಕೊಂಡು ಹೋಗಿ’ ಎಂಬ ಚೀಟಿ ಬರುತ್ತದೆ. ಆ ಚೀಟಿಯ ಹಿಂದೆ ಬಹಳ ಸಲ ಭಯ ಇರುತ್ತದೆ. ರೋಗಿ ಇಲ್ಲಿ ಸತ್ತರೆ ಗಾಜು ಒಡೆಯುತ್ತಾರೆ, ದಾರಿಯಲ್ಲಿ ಸತ್ತರೆ ಕೇಳುವವರಿಲ್ಲ ಎಂದು ತಿಳಿದ ವೈದ್ಯರು ಕೈಯಲ್ಲಿರುವ ಚುಚ್ಚುಮದ್ದನ್ನೂ ಕೊಡಲು ಹೆದರುತ್ತಾರೆ. ಆಸ್ಪತ್ರೆಯ ಮೇಲೆ ಬಿದ್ದ ಪ್ರತಿ ಕಲ್ಲೂ ಮುಂದಿನ ರೋಗಿಯನ್ನು ಹೆದ್ದಾರಿಗೆ ನೂಕುತ್ತದೆ. ವೈದ್ಯರ ಮೇಲಿನ ಹಲ್ಲೆಯನ್ನು ತಡೆಯಲು ಕರ್ನಾಟಕದಲ್ಲಿ 2009ರ ಕಾನೂನಿದೆ. ಕಾನೂನಿಗಿಂತ ಮೊದಲು, ಗುಂಪು ಸೇರಿದಾಗ ಅದರ ಮುಂದೆ ಕೈಯಗಲಿಸಿ ನಿಲ್ಲುವ ನಾಲ್ವರು ಯುವಕರು ಬೇಕು.

ಸಿಟ್ಟಿಗೆ ಬೇರೆ ದಾರಿ ಇದೆ, ಅದು ಕಲ್ಲಿಗಿಂತ ಬಲವಾದದ್ದು. ಸರ್ಕಾರಿ ಆಸ್ಪತ್ರೆಗೆ ಆರೋಗ್ಯ ರಕ್ಷಾ ಸಮಿತಿ ಇದೆ. ಗ್ರಾಮ ಮಟ್ಟದಲ್ಲಿ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕಾಂಶದ ಸಮಿತಿ ಇದೆ. 2005ರಿಂದ ಮಾಹಿತಿ ಹಕ್ಕು ಇದೆ. ಗ್ರಾಮಸಭೆ ಇದೆ. ಖಾಲಿ ಹುದ್ದೆ ಎಷ್ಟು, ಹಾವಿನ ವಿಷಕ್ಕೆ ಮದ್ದಿನ ಎಷ್ಟು ಸೀಸೆ ಇದೆ, ಕಳೆದ ಸಭೆ ಯಾವಾಗ ನಡೆಯಿತು? ಈ ಮೂರು ಪ್ರಶ್ನೆಯನ್ನು ಸಮಾಧಾನದಿಂದ, ಬರಹದಲ್ಲಿ, ಬಿಡದೆ ಕೇಳುತ್ತಿರಿ. ಮನೆಮನೆ ತಿರುಗುವ ಆಶಾ ಕಾರ್ಯಕರ್ತೆಯರ ಮಾತಿಗೂ ದನಿ ಕೊಡಿ. 2025ರ ಜನವರಿಯಲ್ಲಿ ಅವರು ಗೌರವಧನಕ್ಕಾಗಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲು ರಾತ್ರಿ ಕೂರಬೇಕಾಯಿತು. ಅವರ ಹೊಟ್ಟೆ ತುಂಬದೆ ಊರಿನ ಆರೋಗ್ಯ ನೆಟ್ಟಗಾಗುವುದಿಲ್ಲ.

ಸಾಮಾನ್ಯರ ಕೈಯಲ್ಲಿ ಆದದ್ದು

ಇಷ್ಟೆಲ್ಲ ನಮ್ಮಿಂದ ಆದೀತೇ ಎಂಬ ಅಳುಕು ಇದ್ದರೆ 1971ನ್ನು ನೆನೆಯಿರಿ. ಬಾಂಗ್ಲಾ ಯುದ್ಧದ ನಿರಾಶ್ರಿತರು ತುಂಬಿದ್ದ ಪಶ್ಚಿಮ ಬಂಗಾಳದ ಬನಗಾಂವ್ ಶಿಬಿರದಲ್ಲಿ ಕಾಲರಾ ಬಿತ್ತು. ರಕ್ತನಾಳಕ್ಕೆ ಏರಿಸುವ ದ್ರವ ಮುಗಿಯುತ್ತ ಬಂತು. ಡಾ. ದಿಲೀಪ್ ಮಹಾಲನಬಿಸ್ ಉಪ್ಪು, ಸಕ್ಕರೆ, ಸೋಡಾ ಬೆರೆಸಿದ ನೀರನ್ನು ಪೀಪಾಯಿಗಳಲ್ಲಿ ತುಂಬಿಸಿ, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ಶೇ. 30ರಷ್ಟಿದ್ದ ಸಾವು ಶೇ. 3.6ಕ್ಕೆ ಇಳಿಯಿತು.

ಆದರೂ ಆ ನೀರು ಜಗತ್ತಿನ ಮನೆಗಳನ್ನು ತಾನಾಗಿ ತಲುಪಲಿಲ್ಲ. 1980ರಿಂದ ಹತ್ತು ವರ್ಷ ಬಾಂಗ್ಲಾದೇಶದ ಬ್ರಾಕ್ ಸಂಸ್ಥೆಯ ಹೆಣ್ಣುಮಕ್ಕಳು ಒಂದು ಕೋಟಿಗೂ ಹೆಚ್ಚು ಮನೆಗಳಿಗೆ ಹೋಗಿ, ಚಿಟಿಕೆ ಉಪ್ಪು, ಹಿಡಿ ಬೆಲ್ಲ, ಇಷ್ಟು ನೀರು ಎಂದು ತಾಯಂದಿರ ಕೈಯಿಂದಲೇ ಮಾಡಿಸಿ ಕಲಿಸಿದರು. ಎಷ್ಟು ಮನೆಗೆ ಹೋದರು ಎಂದು ಎಣಿಸಿ ಅವರಿಗೆ ಸಂಬಳ ಕೊಡಲಿಲ್ಲ. ಕೆಲವು ವಾರ ಬಿಟ್ಟು ಬೇರೊಬ್ಬರು ಹೋಗಿ, ತಾಯಿಗೆ ಎಷ್ಟು ನೆನಪಿದೆ ಎಂದು ನೋಡಿ, ಅದಕ್ಕೆ ತಕ್ಕಂತೆ ಕೊಟ್ಟರು. ನಮ್ಮ ಜಾಗೃತಿ ಕಾರ್ಯಕ್ರಮಗಳು ಸೋಲುವುದು ಇಲ್ಲೇ. ಜಾಥಾ ಹೋಗುತ್ತದೆ, ಬ್ಯಾನರ್ ಹಿಡಿದ ಫೋಟೊ ಪೇಪರಿನಲ್ಲಿ ಬರುತ್ತದೆ. ತಿಂಗಳ ನಂತರ ಆ ಕೇರಿಯಲ್ಲಿ ಯಾರಿಗೆ ಏನು ನೆನಪಿದೆ ಎಂದು ನೋಡಲು ಯಾರೂ ಹೋಗುವುದಿಲ್ಲ.

ಇಂದೇ ಶುರು ಮಾಡಿ

ನೀವು ಹೋಗಿ. ನಿಮ್ಮ ಕೇರಿಯ ಇಪ್ಪತ್ತು ಮನೆ ಹಿಡಿಯಿರಿ, ಇಪ್ಪತ್ತೊಂದನೆಯದು ಬೇಡ. ಪ್ರತಿ ಮನೆಯಲ್ಲೂ ಒಂದು ತೀರ್ಮಾನ ಮೊದಲೇ ಆಗಿರಲಿ: ರಾತ್ರಿ ಎರಡು ಗಂಟೆಗೆ ಎದೆನೋವು ಬಂದರೆ ದುಬೈ, ಬೆಂಗಳೂರಿಗೆ ಫೋನು ಆಮೇಲೆ, 108ಕ್ಕೆ ಮೊದಲು. ಆಂಬುಲೆನ್ಸ್ ತಡವಾದರೆ ಯಾರ ಗಾಡಿ, ಯಾರು ಓಡಿಸುತ್ತಾರೆ ಎಂದು ಹೆಸರು ಸಮೇತ ಗೋಡೆಯ ಮೇಲೆ ಬರೆದಿರಲಿ. ತಿಂಗಳು ಬಿಟ್ಟು ಮತ್ತೆ ಹೋಗಿ ಕೇಳಿ. ಮರೆತಿದ್ದರೆ ಮತ್ತೆ ಹೇಳಿ.

ಎದೆ ಒತ್ತಿ ಜೀವ ಕಾಯುವ ಸಿಪಿಆರ್ ಕಲಿಯಿರಿ. ಹೊನ್ನಾವರದ ಎಸ್‌ಡಿಎಂ, ಕುಮಟಾದ ಬಾಳಿಗಾ, ಭಟ್ಕಳದ ಅಂಜುಮನ್ ಕಾಲೇಜಿನವರು ಒಂದೇ ಅಂಗಳದಲ್ಲಿ ಕೂತು ಕಲಿತರೆ ಇನ್ನೂ ಒಳ್ಳೆಯದು. ರಸ್ತೆಯಲ್ಲಿ ಗಾಯಾಳು ಕಂಡರೆ ಪೊಲೀಸು, ಕೋರ್ಟು ಎಂದು ಹೆದರಿ ಮುಂದೆ ಸಾಗಬೇಡಿ. ನೆರವಾದವರನ್ನು ಕಾಯುವ ಕಾನೂನನ್ನು 2016ರಲ್ಲಿ ರೂಪಿಸಿದ ರಾಜ್ಯ ನಮ್ಮದು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೂ ಅಂಥದೇ ರಕ್ಷಣೆ ಸೇರಿತು. ಬಯಲಾಟದ ವೇದಿಕೆಯಲ್ಲಿ, ಜುಮ್ಮಾ ಪ್ರಾರ್ಥನೆ ಮುಗಿದ ಮೇಲೆ, ಇಗರ್ಜಿಯಲ್ಲಿ, ತದಡಿಯ ಬಂದರಿನಲ್ಲಿ ಐದು ನಿಮಿಷ ಕೇಳಿ ಪಡೆಯಿರಿ. ಒಂದು ಸಲಕ್ಕೆ ಒಂದೇ ವಿಷಯ ಹೇಳಿ.

ನೆರೆಯ ಅಂಕೋಲೆಯ ಬಡಗೇರಿಯಲ್ಲಿ ಹಾಲಕ್ಕಿ ಹಾಡಿನ ಸುಕ್ರಿ ಬೊಮ್ಮಗೌಡರು ಸಾರಾಯಿಯ ವಿರುದ್ಧ ಹೆಂಗಸರನ್ನು ಕಟ್ಟಿಕೊಂಡು ನಿಂತಾಗ ಅವರ ಬಳಿ ಪದವಿ ಇರಲಿಲ್ಲ, ಪದ್ಮಶ್ರೀಯೂ ಇನ್ನೂ ಬಂದಿರಲಿಲ್ಲ. ನಿಮ್ಮ ಕೈಯಲ್ಲಿ ಓದಿದೆ, ಫೋನಿದೆ, ಬೈಕಿದೆ.

ದೊಡ್ಡಾಸ್ಪತ್ರೆ ಬರಲಿ. ಅದು ಬಂದ ದಿನವೂ ಮನೆಯಲ್ಲಿ ಸೋಡಾ ಕುಡಿಸಿ ಎರಡು ಗಂಟೆ ಕಾದರೆ ಅದರಿಂದ ಪ್ರಯೋಜನವಿಲ್ಲ. ಆಸ್ಪತ್ರೆಯನ್ನು ಬೀದಿಯಲ್ಲಿ ನಿಂತು ಕೇಳಿ, ಈ ಕೆಲಸವನ್ನು ಮನೆಮನೆಗೆ ಹೋಗಿ ಮಾಡಿ. ಈ ವಾರವೇ ನಿಮ್ಮ ಕೇರಿಯ ಮೊದಲ ಮನೆಯ ಕದ ತಟ್ಟಿ.